ಮೊಣಕಾಲಿಗೆ ಸುತ್ತಿಗೆ, ಮೂಗಿಗೆ ಲವಂಗ

ರಬ್ಬರಿನ ಪುಟ್ಟ ಸುತ್ತಿಗೆ, ಒಂದು ಚೂರು ಹತ್ತಿ, ಲವಂಗದೆಣ್ಣೆಯ ಶೀಶೆ. ಇಷ್ಟನ್ನು ಡಾಕ್ಟರಿಕೆ ಓದುವ ಹುಡುಗನ ಕೈಗೆ ಕೊಟ್ಟು ರೋಗಿಯ ಮುಂದೆ ನಿಲ್ಲಿಸಿದರೆ ಸಾಕು, ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ.

ಸ್ವಾತಂತ್ರ್ಯ ಬಂದ ಮೊದಲ ಹತ್ತು ವರ್ಷಗಳ ಮಾತು. ನಾನು ಬೆಟಗೇರಿಯ ಒಂದು ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ನಮ್ಮ ಕಡೆ ಆಗ ಮೆಡಿಕಲ್ ಕಾಲೇಜು ಇರಲಿಲ್ಲ. ಮುಂಬಯಿ, ಪುಣೆಯಲ್ಲಿ ಓದುತ್ತಿದ್ದ ನಮ್ಮ ಭಾಗದ ಹುಡುಗರು ರಜೆಗೆ ಊರಿಗೆ ಬಂದಾಗ, "ಸರ್, ಈ ನರದ ಪರೀಕ್ಷಾ ಒಂದು ತಲಿಗೆ ಹತ್ತವಲ್ದು, ಹೇಳಿಕೊಡ್ರಿ" ಎಂದು ನನ್ನ ಬೆನ್ನು ಹತ್ತುತ್ತಿದ್ದರು. ನಾನು ಅವರನ್ನು ವಾರ್ಡಿಗೆ ಕರೆದೊಯ್ಯುತ್ತಿದ್ದೆ. ಕಿಟಕಿಯ ಆಚೆ ಓಣಿಯ ತುಂಬ ಮಗ್ಗಗಳು. ಆ ಕಾಲವನ್ನು ನೆನೆದರೆ ಈಗಲೂ ಮೊದಲು ಕೇಳುವುದು ಆ ಲಟಕ್ ಪಟಕ್ ಸಪ್ಪಳವೇ.

ಪೈಲವಾನನ ಕಾಲು

ಮಲ್ಲಸಮುದ್ರದ ಪೈಲವಾನನೊಬ್ಬ ಸೊಂಟ ನೋವೆಂದು ಬಂದಿದ್ದ. ಮುಂಡರಗಿಯ ತೆಳ್ಳನೆಯ ಹುಡುಗನೊಬ್ಬ ಅವನನ್ನು ಮಂಚದ ಅಂಚಿಗೆ ಕೂರಿಸಿ ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದ. ಕಾಲು ಅಲುಗಲಿಲ್ಲ. "ಸಡ್ಲ ಬಿಡ್ರಿ" ಎಂದ. ಪೈಲವಾನ ಮತ್ತಷ್ಟು ಬಿಗಿ ಹಿಡಿದ. ಡಾಕ್ಟರರ ಮುಂದೆ ಮೈ ಸಡಿಲ ಬಿಡುವುದು ಅವನ ಮರ್ಯಾದೆಯ ಪ್ರಶ್ನೆ.

"ರೋಗಿಯ ಲಕ್ಷ್ಯ ಬೇರೆ ಕಡೆ ಹಾಯಿಸು" ಎಂದು ನಾನು ಹೇಳಿಕೊಟ್ಟೆ. ಹುಡುಗ, "ಎರಡೂ ಕೈ ಬೆರಳು ಒಂದಕ್ಕೊಂದು ಸಿಗಿಸಿ ಜೋರಾಗಿ ಜಗ್ರಿ" ಎಂದ. ಪೈಲವಾನ ಹಲ್ಲು ಕಚ್ಚಿ ಕೈ ಜಗ್ಗಿದ. ಹುಡುಗ ಎದುರಿಗೇ ನಿಂತು ತಟ್ಟಿದ. ಕಾಲು ಹಾರಿತು. ಹುಡುಗ ಒಂದು ಕಡೆ, ಅವನ ಮೂಗಿನ ಮೇಲಿದ್ದ ಚಾಳೀಸು ಇನ್ನೊಂದು ಕಡೆ.

ನೆಲದ ಮೇಲಿಂದಲೇ ಅವನು ಕೂಗಿದ: "ಸರ್, ಐತ್ರಿ! ಛಲೋ ಐತ್ರಿ!"

ಪೈಲವಾನ ಮಂಚದಿಂದ ಇಳಿದು ಕೈಮುಗಿದ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ನಾ ಒದೀಲಿಲ್ರಿ. ಕಾಲು ತಾನ ಒದೀತು!"

ನರಗಳ ಪ್ರತಿಕ್ರಿಯೆ ಎಂದರೇನು ಎಂದು ಕೇಳಿದ ಹುಡುಗರಿಗೆಲ್ಲ ಆಮೇಲೆ ನಾನು ಆ ಮಾತನ್ನೇ ಹೇಳುತ್ತ ಬಂದೆ.

ವಾಸನೆ

ನೇಕಾರರ ಮನೆಯ ಹಿರಿಯಾಕೆಗೆ ತಲೆನೋವು. ವಾಸನೆ ತಿಳಿಯುವ ನರ ಸರಿಯಿದೆಯೋ ನೋಡಬೇಕಿತ್ತು. ಇನ್ನೊಬ್ಬ ಹುಡುಗ ಆಕೆಗೆ ಕಣ್ಣು ಮುಚ್ಚಲು ಹೇಳಿ ಲವಂಗದೆಣ್ಣೆಯ ಶೀಶೆಯನ್ನು ಮೂಗಿಗೆ ಹಿಡಿದ.

"ಏನ್ ವಾಸನಿ ಬರ್ತೈತ್ರಿ, ಅಮ್ಮಾರ?"

"ಉಳ್ಳಾಗಡ್ಡಿ."

"ಸರಿಯಾಗಿ ಮೂಸ್ರಿ."

"ಉಳ್ಳಾಗಡ್ಡಿ, ಹಸಿ ಖಾರ, ಮಿರ್ಚಿ ಭಜಿ."

ಹುಡುಗ ಗಾಬರಿಯಾಗಿ ನನ್ನ ಕಡೆ ತಿರುಗಿ, "ಸರ್, ನರ ಪೂರಾ ಕೆಟ್ಟೈತ್ರಿ" ಎಂದ. ಅವನು ಬಾಯಿ ತೆರೆದದ್ದೇ ತಡ, ನನಗೂ ಅದೇ ವಾಸನೆ ಬಂತು. ಶೀಶೆಯ ಬಿರಡೆಯನ್ನು ಅವನು ತೆಗೆದೇ ಇರಲಿಲ್ಲ.

ಜುಮ್ ಹಿಡಿದ ಕೈ

ಬಾಳೆಹೊಸೂರಿನಿಂದ ಒಬ್ಬ ಅತ್ತೆ ತನ್ನ ಎಳೆಯ ಸೊಸೆಯನ್ನು ಎತ್ತಿನ ಚಕ್ಕಡಿಯಲ್ಲಿ ಕರೆತಂದಿದ್ದಳು. ಸೊಸೆಯ ಬಲಗೈಗೆ ಸ್ಪರ್ಶವೇ ಇಲ್ಲ, ಬೀಸುವ ಕಲ್ಲಿನ ಗೂಟ ಹಿಡಿಯಲೂ ಆಗದು. ನನ್ನ ವಿದ್ಯಾರ್ಥಿ ಆಕೆಯ ಕಣ್ಣು ಮುಚ್ಚಿಸಿ ಹತ್ತಿ ಹಿಡಿದ. "ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ, ಗೊತ್ತಾಗದಿದ್ರ ಇಲ್ಲ ಅನ್ರಿ."

ಮುಟ್ಟಿದ. "ಇಲ್ರಿ."

ಮತ್ತೆ ಮುಟ್ಟಿದ. "ಇಲ್ರಿ."

ಸುಮ್ಮನೆ ನಿಂತ. ಆಕೆಯೂ ಸುಮ್ಮನಿದ್ದಳು. ಮುಟ್ಟಿದ ಕೂಡಲೇ, "ಇಲ್ರಿ!"

ಹುಡುಗರು ಕಿಸಕ್ಕನೆ ನಕ್ಕರು. ಹುಡುಗಿಯ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ನನಗೆ ಸಿಟ್ಟು ಬಂತು. ಎಲ್ಲರನ್ನೂ ಹೊರಗೆ ಕಳಿಸಿದೆ. ನರ್ಸಮ್ಮ ಪಕ್ಕದಲ್ಲಿ ಕೂತು ಮೆಲ್ಲಗೆ ವಿಚಾರಿಸಿದಾಗ ತಿಳಿಯಿತು. ನಾಗರಪಂಚಮಿಗೆ ತವರೂರು ಕೋಟುಮಚಗಿಯಿಂದ ಕರೆಯಲು ಬಂದ ಅಣ್ಣನನ್ನು ಅತ್ತೆಮನೆಯವರು ಹಾಗೆಯೇ ತಿರುಗಿ ಕಳಿಸಿದ್ದರು. ಅಂದಿನಿಂದ ಕೈ ಏಳುತ್ತಿಲ್ಲ. ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ, ಸಂಕಟಕ್ಕೂ ಕೈ ಹಾಗೆ ನಿಂತುಬಿಡುತ್ತದೆ.

ಅತ್ತೆಯನ್ನು ಕರೆದು ಗಂಭೀರವಾಗಿ ಹೇಳಿದೆ: "ಇದಕ್ಕ ಗುಳಿಗಿ ಇಲ್ಲವಾ. ಒಂದು ತಿಂಗಳು ತವರುಮನಿ, ಅದ ಔಷಧಿ."

ಅತ್ತೆ ಬಾಗಿಲ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ತನ್ನ ಕೈ ಚಾಚಿದಳು. "ಡಾಕ್ಟರ್ರ, ನಂದೂ ಕೈ ಜುಮ್ ಅನ್ನಾಕತ್ತಿ ಭಾಳ ವರ್ಷ ಆತ್ರಿ. ನನಗೂ ಒಂದೀಟು ತವರುಮನಿ ಬರಕೊಡ್ರಿ."

ಇಬ್ಬರಿಗೂ ಬರೆದುಕೊಟ್ಟೆ.

ಯಾವ ರಾಜ್ಯ?

ಐವತ್ತಾರನೆಯ ಇಸವಿಯಲ್ಲಿ ಲಕ್ಷ್ಮೇಶ್ವರದ ನಿವೃತ್ತ ಮಾಸ್ತರರೊಬ್ಬರು ಚಕ್ಕಡಿಯಿಂದ ಬಿದ್ದು ತಲೆಗೆ ಪೆಟ್ಟಾಗಿ ಬಂದಿದ್ದರು. ಎಷ್ಟೋ ದಿನ ಮಂಪರು. ಮಗಳು ಮಂಚದ ಕಾಲು ಬಿಟ್ಟು ಏಳಲಿಲ್ಲ. ನಾನೂ ಆಸೆ ಬಿಟ್ಟಂತೆಯೇ ಇದ್ದೆ. ಅಂತೂ ದೀಪಾವಳಿಯ ಹೊತ್ತಿಗೆ ಅಜ್ಜ ಕಣ್ಣು ತೆರೆದು ಚಹಾ ಕೇಳಿದರು.

ಅದೇ ಬೆಳಿಗ್ಗೆ ಶಿರಹಟ್ಟಿಯ ಒಬ್ಬ ವಿದ್ಯಾರ್ಥಿ ಮುಂಬಯಿಯಿಂದ ರೈಲು ಇಳಿದವನು ಮನೆಗೂ ಹೋಗದೆ ನೇರ ವಾರ್ಡಿಗೆ ಬಂದ. ಅಷ್ಟು ಹುರುಪು. "ತಲೆಗೆ ಪೆಟ್ಟಾದವರಿಗೆ ಮೊದಲು ಊರು, ದಿನ, ಜನರ ಗುರುತು ಕೇಳಬೇಕು" ಎಂದೆ. ಅವನು ಅಜ್ಜನ ಕಡೆ ಬಾಗಿದ.

"ನಿಮ್ಮೂರು ಯಾವುದ್ರಿ, ಅಜ್ಜಾರ?"

"ಲಕ್ಷ್ಮೇಶ್ವರ."

"ಅದು ಯಾವ ರಾಜ್ಯದಾಗ ಐತ್ರಿ?"

ಅಜ್ಜ ಹುಬ್ಬು ಗಂಟಿಕ್ಕಿ ಸೂರು ನೋಡತೊಡಗಿದರು. ಮಗಳ ಮುಖ ಬಿಳಿಚಿತು.

"ನಾ ಹುಟ್ಟಿದಾಗ ಸಂಸ್ಥಾನ ಇತ್ತು" ಎಂದರು ಅಜ್ಜ ನಿಧಾನವಾಗಿ. "ಸ್ವಾತಂತ್ರ್ಯ ಬಂದ ಮ್ಯಾಲ ಮುಂಬೈ ಅಂದ್ರು. ನಾ ಬೀಳೂ ಮುಂದ, ನವೆಂಬರ್ ಒಂದಕ್ಕ ನಾವೆಲ್ಲಾ ಮೈಸೂರಿಗೆ ಕೂಡ್ತೀವಿ ಅಂತ ಸುದ್ದಿ ಇತ್ತು. ಯವ್ವಾ, ನವೆಂಬರ್ ಹುಟ್ಟೇತೇನು?"

"ಹುಟ್ಟೇತಪ್ಪಾ."

"ಹಂಗಾದ್ರ ಮೈಸೂರು."

ಹುಡುಗ ನನ್ನ ಕಿವಿಯ ಹತ್ತಿರ ಬಂದ. ಪಿಸುಗುಟ್ಟಿದೆನೆಂದು ಅವನ ಭಾವನೆ, ವಾರ್ಡಿಗೆಲ್ಲ ಕೇಳಿತು. "ಸರ್, ಮಿದುಳಿಗೆ ಪೆಟ್ಟಾಗೇತ್ರಿ. ಲಕ್ಷ್ಮೇಶ್ವರ ಮುಂಬೈ ರಾಜ್ಯದಾಗ ಐತಿ. ಪಾಪ, ಅಜ್ಜಾರು ಮೈಸೂರು ಅನ್ನಾಕತ್ತಾರ."

ಮಗಳು ಗೊಳೋ ಎಂದು ಅಳತೊಡಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಕೈ ಎತ್ತಿ ಹುಡುಗನನ್ನು ಹತ್ತಿರ ಕರೆದು, ಅವನ ತಲೆಯನ್ನು ಹಿಂದೆ ಮುಂದೆ ತಡವಿ ನೋಡಿದರು. ಮಾಸ್ತರರ ದನಿಯಲ್ಲಿ ನಿಜವಾದ ಕಕ್ಕುಲಾತಿ ಇತ್ತು.

"ತಮ್ಮಾ, ನೀ ಯಾವ ಚಕ್ಕಡಿಯಿಂದ ಬಿದ್ದೆಪಾ?"