ಎಡಗಡೆ ಮುಂದಿನ ಚಕ್ರ

ಅದೊಂದು ಅರ್ಧ ಬೆರಳುದ್ದದ ಮೊಳೆ. ಯಾರ ಮನೆಯ ಬಾಗಿಲಿನದೋ ಏನೋ. ತಲಘಟ್ಟಪುರದಲ್ಲಿ ದಿನಕ್ಕೊಂದು ಹೊಸ ಮನೆ ಏಳುವುದರಿಂದ ರಸ್ತೆಯಲ್ಲಿ ಮೊಳೆಗಳಿಗೇನೂ ಬರವಿಲ್ಲ. ಶನಿವಾರ ಸಂಜೆ ಹೇಮಶ್ರೀಯ ಕೆಂಪು ಕಾರಿನ ಎಡಗಡೆ ಮುಂದಿನ ಚಕ್ರಕ್ಕೆ ಹೊಕ್ಕ ಆ ಮೊಳೆ ರಾತ್ರಿಯೆಲ್ಲ ಸದ್ದಿಲ್ಲದೆ ಕೆಲಸ ಮಾಡಿತು. ಭಾನುವಾರ ಬೆಳಿಗ್ಗೆ ಅವಳು ಕೀ ಹಿಡಿದು ಗೇಟಿನಾಚೆ ಬಂದಾಗ ಚಕ್ರ ಊಟ ಮುಗಿದ ಬಾಳೆಲೆಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು.

ಬೇರೆ ಯಾವ ದಿನವಾದರೂ ಅವಳು ಒಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ಮಲಗುತ್ತಿದ್ದಳು. ಇವತ್ತು ಹಾಗಾಗುವಂತಿರಲಿಲ್ಲ. ಕಾಲೇಜು ದಿನಗಳಿಂದ ಅವಳಿಗಿದ್ದ ಒಬ್ಬಳೇ ಒಬ್ಬ ಗೆಳತಿ ಅರ್ಪಿತ, ಇವತ್ತು ಜಯನಗರದ ಪಿಜಿ ಖಾಲಿ ಮಾಡಿ ರಾಯಚೂರಿಗೆ ಹೊರಟಿದ್ದಳು. ಅಲ್ಲಿನ ಕಾಲೇಜೊಂದರಲ್ಲಿ ಉಪನ್ಯಾಸಕಿ ಕೆಲಸ. ಸಂಜೆ ರೈಲು. "ಸ್ಟೇಷನ್ನಿಗೆ ನಾನೇ ಡ್ರಾಪ್ ಮಾಡ್ತೀನಿ, ಮಧ್ಯಾಹ್ನ ಎಲ್ಲಾದ್ರೂ ಕೂತು ಊಟ ಮಾಡೋಣ" ಎಂದು ಹೇಮಶ್ರೀ ತಾನಾಗಿ ಮಾತು ಕೊಟ್ಟಿದ್ದಳು. ಕಾರು ಕೊಂಡು ಎರಡು ವರ್ಷವಾಗಿತ್ತು. ಅರ್ಪಿತ ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ. "ನಿನ್ನ ಕಾರಲ್ಲಿ ನಿನ್ನ ಭಯ ಬಿಟ್ರೆ ಇನ್ಯಾರೂ ಕೂತಿಲ್ಲ ಕಣೇ" ಎಂದು ಅವಳು ರೇಗಿಸುತ್ತಿದ್ದಳು.

ಹೇಮಶ್ರೀ ಗಾಬರಿಯಾಗಲಿಲ್ಲ. ಟೈರ್ ಬದಲಿಸುವ ವಿಡಿಯೋವನ್ನು ಅವಳು ಎಷ್ಟೋ ಸಲ ನೋಡಿದ್ದಳು. ಮೊದಲು ನಟ್ಟು ಸಡಿಲ ಮಾಡಬೇಕು, ಆಮೇಲೆ ಜಾಕ್ ಕೊಡಬೇಕು. ಡಿಕ್ಕಿಯಲ್ಲಿ ಗಾಳಿ ತುಂಬಿದ ಸ್ಟೆಪ್ನಿ ಇತ್ತು, ಸ್ಪ್ಯಾನರ್ ಇತ್ತು. ಒಳಗೊಳಗೇ ಅವಳಿಗೆ ಸ್ವಲ್ಪ ಖುಷಿಯೂ ಆಯಿತು. ಕಾರಿನಿಂದ ಇಳಿಯುತ್ತಾ, ಕೈಗೆ ಅಂಟಿದ ಕಪ್ಪನ್ನು ಒರೆಸಿಕೊಳ್ಳುತ್ತಾ, "ಟೈರ್ ಚೇಂಜ್ ಮಾಡ್ಬೇಕಾಯ್ತು, ಅದಕ್ಕೇ ಐದು ನಿಮಿಷ ಲೇಟು" ಎಂದು ಅರ್ಪಿತಳಿಗೆ ಹೇಳಬಹುದಲ್ಲ!

ಸ್ಪ್ಯಾನರ್ ಹಾಕಿ ಒತ್ತಿದಳು. ನಟ್ಟು ಅಲುಗಲಿಲ್ಲ. ಕಾಲಿಟ್ಟು ತುಳಿದಳು. ಗೋಡೆ ಹಿಡಿದು ಸ್ಪ್ಯಾನರಿನ ಮೇಲೆ ಎರಡೂ ಕಾಲಿಟ್ಟು ನಿಂತು ಮೆಲ್ಲಗೆ ಕುಣಿದಳು. ನಾಲ್ಕು ನಟ್ಟುಗಳೂ ಕೆಂಪಗೆ ತುಕ್ಕು ಹಿಡಿದು, ಮುನಿಸಿಕೊಂಡ ನೆಂಟರ ಹಾಗೆ ಮುಖ ಗಂಟಿಕ್ಕಿ ಕೂತಿದ್ದವು.

ಫೋನು ಬಂತು.

"ಹೊರಟ್ಯಾ?" ಎಂದಳು ಅರ್ಪಿತ.

"ಹ್ಞೂಂ ಕಣೇ, ಹೊರಟೆ."

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಇನ್ನೈದು ನಿಮಿಷದಲ್ಲಿ ಹೊರಡುವವಳೇ ಅಲ್ಲವೇ, ಅಷ್ಟಕ್ಕೆ ಇಷ್ಟುದ್ದ ಕತೆ ಯಾಕೆ ಎಂದುಕೊಂಡಳು. ರಸ್ತೆಯ ತುದಿಯಲ್ಲಿ, ಕಂಬಗಳ ಮೇಲೆ, ಜಯನಗರದ ಕಡೆಗೆ ಮೆಟ್ರೋ ಒಂದು ಸರ್ರನೆ ಹೋಯಿತು.

"ಏನವ್ವಾ, ಗಾಡಿ ಮೇಲೆ ಕುಣೀತಿದ್ದೀಯ?"

ಮನೆ ಓನರ್ ಚಿಕ್ಕಬೈರಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಗೇಟಿನ ಬಳಿ ನಿಂತಿದ್ದರು. ಈಗ ಮೂರಂತಸ್ತಿನ ಮನೆಯಿರುವ ಜಾಗದಲ್ಲಿ ಹಿಂದೆ ಅವರೇ ರಾಗಿ ಬೆಳೆಯುತ್ತಿದ್ದರು. ಬಾಡಿಗೆ ಬಂದ ಮೇಲೆ ಕೈಗೆ ಕೆಲಸವಿಲ್ಲದಂತಾಗಿ, ರಸ್ತೆಯಲ್ಲಿ ಯಾರದು ಏನೇ ಕೆಟ್ಟರೂ ಅವರಿಗದು ಹಬ್ಬ.

"ಏನಿಲ್ಲ ಅಂಕಲ್, ಪಂಕ್ಚರ್. ನಾನೇ ಮಾಡ್ಕೋತೀನಿ..."

"ಏ, ಬಾ ಈ ಕಡೆ! ನಮ್ಮ ಟ್ರಾಕ್ಟರ್ ಚಕ್ರನೇ ಬಿಚ್ತಿದ್ದೆ ನಾನು. ಇದೇನು, ಕಡಲೆಕಾಯಿ."

ಬೇಡ ಎನ್ನುವ ಮಾತು ಹೇಮಶ್ರೀಯ ಬಾಯಿಗೆ ಬರುವುದು ಕಡಿಮೆ. ಅಂಗಡಿಯವನು ಕೊಳೆತ ಟೊಮೇಟೊ ಹಾಕಿದರೂ ಅವಳು ಚೀಲ ಅಗಲಿಸಿ ಹಿಡಿಯುವವಳು. ಪಕ್ಕಕ್ಕೆ ಸರಿದಳು.

ಚಿಕ್ಕಬೈರಪ್ಪ ಒತ್ತಿದರು, ಬೈದರು, ಉಗಿದರು, ಮತ್ತೆ ಒತ್ತಿದರು. ಆಮೇಲೆ ಸೊಂಟ ಹಿಡಿದುಕೊಂಡು ಮಹಡಿಯ ಕಡೆ ಮುಖ ಮಾಡಿ, "ಲೇ ದೀಪೂ! ಇಳಿದು ಬಾರಲೇ ಕೆಳಕ್ಕೆ!" ಎಂದು ಕೂಗಿದರು.

ದೀಪಕ್ ಮೇಲಿನ ಮನೆಯ ಬಾಡಿಗೆಯವನು. ದಿನಾ ಜಿಮ್ಮಿಗೆ ಹೋಗುತ್ತಿದ್ದ. ತೋಳಿಲ್ಲದ ಬನಿಯನ್ನಿನಲ್ಲೇ ಇಳಿದುಬಂದು, "ಎಲ್ರೂ ಸೈಡಿಗೆ ಬನ್ನಿ" ಎಂದು ಸ್ಪ್ಯಾನರ್ ಹಿಡಿದು ಎಳೆದ. ಸ್ಪ್ಯಾನರ್ ಜಾರಿತು. ದೀಪಕ್ ಹಿಂದಿದ್ದ ತುಳಸಿ ಕುಂಡದಲ್ಲಿ ಕೂತ.

"ಅಯ್ಯೋ ನನ್ನ ತುಳಸೀ!" ಎನ್ನುತ್ತಾ ಚಿಕ್ಕಬೈರಪ್ಪನವರ ಹೆಂಡತಿ ಗೌರಮ್ಮ ಹೊರಗೆ ಬಂದರು. ಹೇಮಶ್ರೀ ಎಂದರೆ ಗೌರಮ್ಮನಿಗೆ ಬಲು ಪ್ರೀತಿ. ಅಮಾವಾಸ್ಯೆಗೊಂದು ಸಲ ಅವಳ ಬಾಗಿಲು ತಟ್ಟಿ, "ಪೂಜೆ ಕಾಯಿ, ಚಟ್ನಿ ಮಾಡ್ಕೋ ಕಂದಾ" ಎಂದು ಅರ್ಧ ಹೋಳು ತೆಂಗಿನಕಾಯಿ ಕೊಟ್ಟು ಹೋಗುತ್ತಿದ್ದರು. ಯಾವ ಪೂಜೆ ಎಂದು ಕೇಳುವ ಧೈರ್ಯ ಹೇಮಶ್ರೀಗಿರಲಿಲ್ಲ. ಚಟ್ನಿ ಮಾತ್ರ ತಪ್ಪದೆ ಮಾಡಿ ತಿನ್ನುತ್ತಿದ್ದಳು.

"ಇವತ್ತು ಅಮಾವಾಸ್ಯೆ ಕಣೇ ಹುಡುಗಿ" ಎಂದರು ಗೌರಮ್ಮ. "ಇಂಥಾ ದಿನ ಯಾರಾದ್ರೂ ಹೊರಡ್ತಾರಾ? ಬಿಡ್ತು ಅನ್ನು."

"ಫ್ರೆಂಡ್ ಊರಿಗೆ ಹೋಗ್ತಿದ್ದಾಳೆ ಆಂಟಿ. ನಾಳೆ ಬೆಳಿಗ್ಗೆನೇ ಕೆಲಸಕ್ಕೆ ಸೇರ್ಬೇಕು..."

"ಹಂಗಾರೆ ಕೊಬ್ಬರಿ ಎಣ್ಣೆ ಹಾಕ್ರೋ. ಬೀಗಕ್ಕೆ ಹಾಕಿದ್ರೆ ಬೀಗನೇ ಬಿಡತ್ತೆ."

ಕೊಬ್ಬರಿ ಎಣ್ಣೆ ಬಂತು. ಆಮೇಲೆ ಒಂದು ಚೊಂಬು ಬಿಸಿನೀರು. ಆಮೇಲೆ ದೀಪಕನ ಬೈಕಿನ ತುಕ್ಕು ಬಿಡಿಸುವ ಸ್ಪ್ರೇ. ಆಮೇಲೆ ಚಿಕ್ಕಬೈರಪ್ಪನವರ ಸುತ್ತಿಗೆ. ಚಕ್ರಕ್ಕೆ ಅಭ್ಯಂಜನವಾದಂತಾಯಿತೇ ಹೊರತು ನಟ್ಟು ಕದಲಲಿಲ್ಲ.

"ಒಂದು ವಿಚಿತ್ರ ನೋಡಿ ಅಂಕಲ್" ಎಂದ ದೀಪಕ್. ಪರೀಕ್ಷೆ ಮಾಡಲೆಂದು ಉಳಿದ ಮೂರು ಚಕ್ರಗಳಿಗೂ ಸ್ಪ್ಯಾನರ್ ಹಾಕಿ ನೋಡಿ ಬಂದಿದ್ದ. "ಆ ಮೂರರದ್ದೂ ಬೆಣ್ಣೆ ಥರ ತಿರುಗತ್ತೆ. ಇದೊಂದೇ ಯಾಕೆ ಹಿಂಗೆ ಹಿಡ್ಕೊಂಡಿದೆ?"

"ಅಮಾವಾಸ್ಯೆ ಅಂದ್ನಲ್ಲಾ" ಎಂದರು ಗೌರಮ್ಮ.

ಮತ್ತೆ ಫೋನು. ಹೇಮಶ್ರೀ ಗೇಟಿನ ಮೂಲೆಗೆ ಓಡಿದಳು.

"ಎಲ್ಲಿದ್ದೀಯೇ?"

"ಇಲ್ಲೇ... ಕೋಣನಕುಂಟೆ ಕ್ರಾಸ್."

"ಹೊಡಿಯೋ ದೀಪೂ, ಹೊಡಿ! ತಲೆ ಮೇಲೆ ಕೊಡು ಒಂದು!" ಹಿಂದಿನಿಂದ ಚಿಕ್ಕಬೈರಪ್ಪ ಅರಚಿದರು.

"ಅದ್ಯಾರೇ ಅದು?"

"ರೇಡಿಯೋ ಕಣೇ."

ಹೀಗೆ ಕಾರು ಗೇಟಿನ ಮುಂದೆಯೇ ಇದ್ದು ಕೋಣನಕುಂಟೆ ದಾಟಿತು. ಇನ್ನೊಂದು ಫೋನಿಗೆ ಸಾರಕ್ಕಿ ಸಿಗ್ನಲ್ ತಲುಪಿತು. ಒಂದು ಸುಳ್ಳನ್ನು ಹೊರಡಿಸಿದ ಮೇಲೆ ಅದನ್ನು ನಡುರಸ್ತೆಯಲ್ಲಿ ನಿಲ್ಲಿಸುವುದು ಹೇಗೆಂದು ಹೇಮಶ್ರೀಗೆ ಗೊತ್ತಿರಲಿಲ್ಲ. ಅದರ ಬ್ರೇಕು ಎಲ್ಲಿದೆ ಎಂದು ಯಾವ ವಿಡಿಯೋದಲ್ಲೂ ತೋರಿಸಿರಲಿಲ್ಲ.

ರಸ್ತೆಯ ತುದಿಯಲ್ಲಿ ಮೆಟ್ರೋ ಮತ್ತೊಂದು ಹೋಯಿತು. ಈಗಲೇ ಹೋಗಿ ಹತ್ತಿದರೆ ಜಯನಗರದಲ್ಲಿ ಇಳಿಯಬಹುದು. ಚೀಲ ಹೊತ್ತುಕೊಂಡಾದರೂ ಅರ್ಪಿತಳನ್ನು ಕಳಿಸಿ ಬರಬಹುದು. ಆದರೆ ತಿರುಗಿ ನೋಡಿದರೆ ಚಿಕ್ಕಬೈರಪ್ಪನವರ ಬೆನ್ನು ಬೆವರಿನಲ್ಲಿ ತೊಯ್ದಿತ್ತು, ದೀಪಕನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ತನಗಾಗಿ ಬಿಸಿಲಲ್ಲಿ ಒದ್ದಾಡುತ್ತಿರುವವರನ್ನು ಬಿಟ್ಟು, 'ನೀವು ಬಿಚ್ತಾ ಇರಿ, ನಾನು ಹೋಗಿ ಬರ್ತೀನಿ' ಎನ್ನುವುದು ಹೇಗೆ? ಹೇಮಶ್ರೀ ನೀರಿನ ಚೊಂಬು ಹಿಡಿದು ನಿಂತೇ ಇದ್ದಳು.

"ಬೋರ್‌ವೆಲ್ಲಿನ ಹಳೇ ಪೈಪ್ ಅದೆ!" ಎಂದು ಚಿಕ್ಕಬೈರಪ್ಪ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು. "ಸ್ಪ್ಯಾನರಿಗೆ ಅದನ್ನ ಸಿಗಿಸಿ ಒತ್ತಿದ್ರೆ, ಅವರಪ್ಪನಂತೋನೂ ಬಿಚ್ಕತಾನೆ."

"ಮೊದಲು ಉಂಡ್ಕಂಡು ಬನ್ನಿ" ಎಂದರು ಗೌರಮ್ಮ. "ಹೊಟ್ಟೆ ಖಾಲಿ ಇಟ್ಕಂಡು ಎಂಥಾ ಒತ್ತೋದು?"

"ಆಂಟಿ, ನನಗೆ ಲೇಟಾ..."

"ಕೈ ತೊಳ್ಕೋ ನಡಿ."

ಮುದ್ದೆ, ಸೊಪ್ಪಿನ ಸಾರು. ಒಂದು ಮುದ್ದೆ ಮುಗಿಯಿತು. ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದಲೇ ಇನ್ನೊಂದು ಬಿತ್ತು. ಅರ್ಪಿತಳ ಜತೆ ಕೂತು ಮಾಡಬೇಕಿದ್ದ ಊಟವನ್ನು ಹೇಮಶ್ರೀ ತುಕ್ಕಿನ ವಾಸನೆಯ ಕೈಯಲ್ಲಿ ನುಂಗಿದಳು. ಜೇಬಿನಲ್ಲಿ ಫೋನು ನಡುಗಿತು. ಎತ್ತಿ, ಬಾಯಲ್ಲಿ ತುತ್ತಿಟ್ಟುಕೊಂಡೇ, "ಬನಶಂಕರಿ ದೇವಸ್ಥಾನದ ಹತ್ರ ಕಣೇ... ಅಮಾವಾಸ್ಯೆ ರಶ್ಶು" ಎಂದಳು.

"ಇಷ್ಟೊತ್ತಾದ್ರೂ ಇನ್ನೂ ಅಲ್ಲೇ ಇದ್ದೀಯೇನೇ! ಇಳಿದು ಅಮ್ಮನಿಗೊಂದು ನಿಂಬೆಹಣ್ಣಿನ ದೀಪ ಹಚ್ಚಿ ಬಂದ್ಬಿಡು" ಎಂದಳು ಅರ್ಪಿತ. ನಗುತ್ತಲೇ ಹೇಳಿದಳು. ಆದರೆ ನಗು ಅರ್ಧಕ್ಕೇ ನಿಂತಿತು.

ಪೈಪು ಬಂದಾಗ ಬಿಸಿಲು ಇಳಿದಿತ್ತು. ಚಿಕ್ಕಬೈರಪ್ಪ ಒಂದು ಕಡೆ, ದೀಪಕ್ ಒಂದು ಕಡೆ, ನಡುವೆ ಗೌರಮ್ಮ "ಎಲ್ಲಮ್ಮಾ ತಾಯೀ" ಎಂದು ಪೈಪಿಗೆ ನೇತುಬಿದ್ದರು. ಕೀ... ಎಂದು ಬೀದಿ ನಾಯಿಗಳೆಲ್ಲ ಎದ್ದು ನಿಲ್ಲುವಂತೆ ಕಿರುಚಿಕೊಂಡು ಮೊದಲನೇ ನಟ್ಟು ತಿರುಗಿತು. ಆಮೇಲೆ ಎರಡನೆಯದು. ನಾಲ್ಕೂ ಕಳಚಿಕೊಂಡಾಗ ಎದುರುಮನೆಯ ಮಹಡಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ನಟ್ಟುಗಳ ಮೂಲೆಗಳೆಲ್ಲ ಸವೆದುಹೋಗಿದ್ದರಿಂದ ದೀಪಕ್ ಬೈಕಿನಲ್ಲಿ ಹೋಗಿ ಹೊಸವು ನಾಲ್ಕು ತಂದ. ಜಾಕ್ ಏರಿತು, ಸ್ಟೆಪ್ನಿ ಕೂತಿತು. ಹೊಸ ನಟ್ಟುಗಳು ಬೆಳ್ಳಿಯ ಹಾಗೆ ಹೊಳೆದವು.

ಹೇಮಶ್ರೀ ಸೀಟಿನಲ್ಲಿ ಕೂತು ಕೀ ತಿರುಗಿಸುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು.

"ಇನ್ನು ಕಾದ್ರೆ ರೈಲು ತಪ್ಪತ್ತೆ ಕಣೇ. ಆಟೋ ಹತ್ತಿದೀನಿ" ಎಂದಳು ಅರ್ಪಿತ. "ನೀನು ಗಾಬರಿಯಾಗಿ ಓಡಿಸ್ಬೇಡ. ವಾಪಸ್ ಮನೆಗೆ ಹೋಗು, ಆಯ್ತಾ?"

ಹೇಮಶ್ರೀ ಇಂಜಿನ್ ಆರಿಸಿದಳು. ಎಲ್ಲಿಗೂ ಹೋಗದವಳು ವಾಪಸ್ ಹೇಗೆ ಬರುವುದು? ಹಾಗೇ ಕೂತಳು. ಪಕ್ಕದ ಸೀಟಿನಲ್ಲಿ, ಅರ್ಪಿತಳಿಗೆಂದು ಹಿಂದಿನ ರಾತ್ರಿಯೇ ಸೀಟು ಒರೆಸಿ ಹಾಸಿದ್ದ ಹೊಸ ಟವೆಲ್ಲು ಒಂದು ಸುಕ್ಕಿಲ್ಲದೆ ಇತ್ತು.

ಕತ್ತಲಾಗುವ ಹೊತ್ತಿಗೆ ಮೆಸೇಜು ಬಂತು.

'ರೈಲು ಹೊರಡ್ತು. ಕಾರು ಮನೆ ಬಿಟ್ಟೇ ಇರ್ಲಿಲ್ಲ ಅಲ್ವಾ? ಯಾವ ರೇಡಿಯೋದಲ್ಲೂ ಹೊಡಿಯೋ ದೀಪೂ ಅಂತ ಹಾಡು ಬರಲ್ಲ ಕಣೇ. ಬೆಳಿಗ್ಗೆಯಿಂದ ಬ್ಯಾಗ್ ಕಟ್ಕೊಂಡು ಸುಮ್ನೆ ಕೂತಿದ್ದೆ. ಒಂದು ಮಾತು ಹೇಳಿದ್ದಿದ್ರೆ ಮೆಟ್ರೋ ಹತ್ತಿ ನಾನೇ ಬಂದುಬಿಡ್ತಿದ್ದೆ. ನಿಂತಿರೋ ಕಾರಲ್ಲೇ ಕೂತ್ಕೋಬಹುದಿತ್ತು.'

ಹೇಮಶ್ರೀ ಅದನ್ನು ಓದಿದಳು, ಮತ್ತೆ ಓದಿದಳು. ಮುಖ ಒರೆಸಿಕೊಂಡಾಗ ಕೆನ್ನೆಗೆ ಗ್ರೀಸು ಮೆತ್ತಿತು. ಸಾಕು, ಇನ್ನು ಮುಂದೆ ಏನಿದ್ದರೂ ಆಗಿಂದಾಗಲೇ ಬಾಯಿ ಬಿಟ್ಟು ಹೇಳಿಬಿಡಬೇಕು, ಎಂಥಾ ಮಾತಾದರೂ ಸರಿ, ಎಂದು ಗಟ್ಟಿ ಮನಸ್ಸು ಮಾಡಿ ಕಾರಿನಿಂದ ಇಳಿದಳು.

ಕಾರಿನ ಮುಂದೆ ಗೌರಮ್ಮ ತೆಂಗಿನಕಾಯಿ ಹಿಡಿದು ನಿಂತಿದ್ದರು. ಕಾಯಿಯ ಮೇಲೆ ಕರ್ಪೂರ ಉರಿಯುತ್ತಿತ್ತು.

"ಅಲ್ಲೇ ನಿಲ್ಲು ಕಂದಾ, ದೃಷ್ಟಿ ತೆಗೀತೀನಿ. ಒಂಟಿ ಹೆಣ್ಮಗು ಕಾರು ಓಡಿಸ್ತೀಯ, ಯಾರ ಕಣ್ಣು ಹೆಂಗಿರತ್ತೋ. ಈ ಕಾರು ಬಂದಾಗಿಂದ ಒಂದು ಅಮಾವಾಸ್ಯೆನೂ ತಪ್ಪಿಸಿಲ್ಲ ನಾನು. ನಿನಗೆ ಹೇಳಿಲ್ಲ ಅಷ್ಟೇ."

ಕಾಯಿಯನ್ನು ಮೂರು ಸುತ್ತು ಸುತ್ತಿಸಿ, ಕರ್ಪೂರ ಕೆಳಗಿಟ್ಟು, ನೆಲಕ್ಕೆ ಒಂದೇ ಏಟು ಕುಟ್ಟಿದರು. ಒಡೆದ ಕಾಯಿಯನ್ನು ಎತ್ತಿ, ಅದರ ನೀರನ್ನು ಒಂದು ಹನಿಯೂ ಆಚೆ ಚೆಲ್ಲದಂತೆ, ಎಡಗಡೆ ಮುಂದಿನ ಚಕ್ರದ ನಡುವಿಗೆ, ಬೆಳ್ಳಿಯಂಥ ನಾಲ್ಕೂ ನಟ್ಟುಗಳ ಮೇಲೆ ಭಕ್ತಿಯಿಂದ ಸುರಿದರು.

ಹೇಮಶ್ರೀಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಕೆಂಪು ತುಕ್ಕು. ಬೆಣ್ಣೆಯ ಹಾಗೆ ತಿರುಗಿದ ಉಳಿದ ಮೂರು ಚಕ್ರ. ಎರಡು ವರ್ಷ ತಾನು ಚಪ್ಪರಿಸಿ ತಿಂದ ಚಟ್ನಿ.

"ನೋಡು, ತಿಂಗಳು ತಿಂಗಳೂ ಈ ಚಕ್ರಕ್ಕೇ ಹಾಕ್ತೀನಿ, ಆದ್ರೂ ಈ ಚಕ್ರಕ್ಕೇ ಹಿಂಗಾಯ್ತು" ಎಂದು ಗೌರಮ್ಮ ನಿಜವಾಗಿಯೂ ನೊಂದುಕೊಂಡರು. "ಎಂಥಾ ಕೆಟ್ಟ ದೃಷ್ಟಿನೋ ಏನೋ. ಒಂದು ಕಾಯಿ ಸಾಲ್ತಿಲ್ಲ. ಇನ್ಮೇಲೆ ನಾಲ್ಕು ಚಕ್ರಕ್ಕೂ ಒಂದೊಂದು ಒಡೀತೀನಿ, ತಗೋ!"

"ಆಂಟಿ..." ಎಂದಳು ಹೇಮಶ್ರೀ. ಇಷ್ಟು ಜೋರಾಗಿ ಅವಳು ಯಾವತ್ತೂ ಕರೆದಿರಲಿಲ್ಲ.

"ಏನವ್ವಾ?"

ಗೌರಮ್ಮನ ಹಣೆಯಲ್ಲಿ ಬೆವರಿಗೆ ಕುಂಕುಮ ಕರಗಿ ಇಳಿದಿತ್ತು. ಪೈಪಿಗೆ ನೇತುಬಿದ್ದ ಅಂಗೈಗಳು ಇನ್ನೂ ಕೆಂಪಗಿದ್ದವು. ಆ ಕೈಯಲ್ಲೇ ಅರ್ಧ ಹೋಳು ಕಾಯಿ ಮುಂದೆ ಬಂತು.

ರಸ್ತೆಯ ತುದಿಯಲ್ಲಿ ಇನ್ನೊಂದು ಮೆಟ್ರೋ, ದೀಪ ಹಚ್ಚಿಕೊಂಡು, ಜಯನಗರದ ಕಡೆಗೆ ಹೋಯಿತು.

"ಏನಿಲ್ಲ ಆಂಟಿ" ಎಂದು ಹೇಮಶ್ರೀ ಎರಡೂ ಕೈಯೊಡ್ಡಿದಳು. "ಕಾಯಿ ಚೆನ್ನಾಗಿ ಬಲಿತಿದೆ."