ಇನ್ನೂರ ಹನ್ನೊಂದರ ಕಾವಲು

ಯಜಮಾನರು ಇನ್ನೂರ ಹನ್ನೊಂದು ಹೊಡೆದ ಭಾನುವಾರ ನಾನು ಬಟಾಣಿ ಸುಲಿಯುತ್ತಿದ್ದೆ.

"ಲೇ, ನೋಡೇ ಇಲ್ಲಿ! ಇನ್ನೂರ ಹನ್ನೊಂದು!"

"ನೋಡ್ದೆ ಬಿಡ್ರೀ," ಎಂದೆ, ತಲೆ ಎತ್ತದೆ.

ಅವರು ಬಸ್ ಡ್ರೈವರು. ದಿನವಿಡೀ ಕೂತೇ ಇರುವ ಕೆಲಸ. ಮೈ ಅಲುಗಾಡಿಸಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಆಟ ಹಿಡಿದಿದ್ದರು. ಟಿವಿಯ ಮುಂದೆ ನಿಂತು, ರಿಮೋಟು ಹಿಡಿದ ಕೈಯನ್ನು ಚೆಂಡು ಉರುಳಿಸುವ ಹಾಗೆ ಬೀಸಬೇಕು. ಟಿವಿಯೊಳಗೆ ಚೆಂಡು ಉರುಳಿಹೋಗಿ ಹತ್ತು ಬಾಟಲಿಗಳನ್ನು ಕೆಡವುತ್ತದೆ. ಒಂದೇ ಎಸೆತಕ್ಕೆ ಹತ್ತೂ ಬಿದ್ದರೆ ಮುಂದಿನ ಎರಡು ಎಸೆತದ ಅಂಕವೂ ಅದಕ್ಕೆ ಸೇರುತ್ತದೆ. ಆಡುವವರಿಗೆಲ್ಲ ಅದರಲ್ಲಿ ಒಂದೊಂದು ಗೊಂಬೆ. ತಮ್ಮ ತಲೆ ಬೋಳಾಗಿದ್ದರೂ ಗೊಂಬೆಗೆ ಪೊದೆಯಂಥ ಕೂದಲು ಇಟ್ಟುಕೊಂಡಿದ್ದರು, ಪುಣ್ಯಾತ್ಮರು! ಎಲ್ಲರಿಗಿಂತ ಹೆಚ್ಚು ಹೊಡೆದವರ ಗೊಂಬೆಗೆ ಕಿರೀಟ, ಅದರ ಕೆಳಗೆ ಅವರ ಅಂಕ. ಎರಡನೆಯವರು ಆ ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ.

ಆ ಸಂಜೆ ಕಿರೀಟ ಅವರ ತಲೆಗೇರಿತು. ಆಮೇಲೆ ಕಸದ ಬುಟ್ಟಿ ಹೊರಗಿಟ್ಟು ಬಂದು ಮಲಗಿದರು. ಸೋಮವಾರ ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಬೀಗದ ಕೈ ತೆಗೆದು, ಸೀಟಿನಿಂದ ಏಳಲೇ ಇಲ್ಲ.

ಅಷ್ಟೇ. ಅದರ ಬಗ್ಗೆ ಇನ್ನೇನು ಬರೆಯಲಿ?

ಅವರ ಅಂಗಿ, ಚಪ್ಪಲಿ, ಗಡಿಯಾರ ಎಲ್ಲ ಕೇಳಿದವರಿಗೆ ಕೊಟ್ಟೆ. ಆ ಇನ್ನೂರ ಹನ್ನೊಂದನ್ನು ಮಾತ್ರ ನನ್ನ ಉಸಿರಿರುವ ತನಕ ಯಾವ ಗಂಡುಮಗನೂ ಮುಟ್ಟಲಾರ ಎಂದು ಶಪಥ ಮಾಡಿದೆ. ಸೊಂಟದ ಮೇಲೆ ಕೈಯಿಟ್ಟು, ಕೋಟೆ ಕಾಯುವ ರಾಣಿಯ ಹಾಗೆ!

ಶತ್ರು ಮನೆಯೊಳಗೇ ಇದ್ದ. ನನ್ನ ಮೈದುನ. ಮೊಬೈಲ್ ರಿಪೇರಿ ಅಂಗಡಿ ಮುಚ್ಚಿ ಬಂದವನು ಕಿವಿಗೆ ಹೆಡ್‌ಫೋನು ಏರಿಸಿ ಸೋಫಾದಲ್ಲಿ ಕೂತನೆಂದರೆ ಯುದ್ಧವೇ ಯುದ್ಧ. ಆಟದವರ ನಡುವೆ ಅವನಿಗೆ 'ದೊರೆ' ಎಂದು ಹೆಸರು. ದೊರೆ ಕೂತಲ್ಲೇ ಮೂರು ಸಾಮ್ರಾಜ್ಯ ಗೆಲ್ಲುತ್ತಾನೆ. ಒಂದು ಲೋಟ ನೀರಿಗೆ "ಅತ್ತಿಗೇ" ಎಂದು ಕೂಗುತ್ತಾನೆ. ಅಣ್ಣನ ಆಟಕ್ಕೆ ಅವನಿಟ್ಟ ಹೆಸರು 'ನೊಣ ಓಡಿಸೋ ಆಟ'.

ಮೂರು ತಿಂಗಳು ಕಳೆದಿತ್ತು. ಒಂದು ರಜೆಯ ದಿನ ಹತ್ತಿರ ಬಂದು ಕೂತ.

"ಅತ್ತಿಗೆ, ಪಂದ್ಯ ಇದೆ. ಹೊಸ ಯುದ್ಧದಾಟ ಹಾಕ್ಬೇಕು, ಟಿವಿ ಆಟದ ಪೆಟ್ಟಿಗೇಲಿ ಜಾಗ ಇಲ್ಲ. ಆ ನೊಣ ಓಡಿಸೋದನ್ನ ಅಳಿಸ್ಲಾ?"

"ಅದರಲ್ಲಿ ನಿಮ್ಮಣ್ಣ ಇದ್ದಾರೆ."

"ಅಣ್ಣನ ಸ್ಕೋರಿಂದು ಫೋಟೋ ತೆಗೆದು ಕೊಡ್ತೀನಿ, ಗೋಡೆಗೆ ಹಾಕ್ಕೊಳ್ಳಿ."

"ಗೋಡೇಲಿ ಅವರ ಫೋಟೋ ಆಗ್ಲೇ ಒಂದಿದೆ. ಸಾಕು."

"ಅದೂ ಒಂದು ಆಟನಾ ಅತ್ತಿಗೆ? ಸುಮ್ನೆ ಕೈ ಬೀಸೋದು. ಕಣ್ಮುಚ್ಕೊಂಡು ಬೀಸಿದ್ರೂ ಬೀಳುತ್ತೆ. ನಿಜವಾದ ಆಟಗಾರರು ಅದನ್ನ ಮೂಸೂ ನೋಡಲ್ಲ."

ನನ್ನ ಮೈ ಉರಿಯಿತು.

"ಬೆರಳಲ್ಲಿ ಗುಂಡಿ ಒತ್ತಿದೋನು ವೀರ, ತೋಳು ಬೀಸಿದೋನು ಹುಚ್ಚ! ಯಾವೂರ ನ್ಯಾಯನಪ್ಪಾ ಇದು? ಏಳು, ಆಡು. ಇನ್ನೂರ ಹನ್ನೊಂದು ದಾಟಿದ್ರೆ ಅಳಿಸ್ಕೋ. ದಾಟದಿದ್ರೆ ಇನ್ನೊಂದ್ಸಲ ಆ ಮಾತೆತ್ತಬಾರದು."

"ಐದು ನಿಮಿಷದ ಕೆಲಸ," ಎಂದ ದೊರೆ.

ಮೊದಲು ಕೂತಲ್ಲಿಂದಲೇ ಎಸೆದ. ಚೆಂಡು ದಾರಿ ಬಿಟ್ಟು ಪಕ್ಕದ ಕಾಲುವೆಗೆ ಬಿತ್ತು.

"ಈ ರಿಮೋಟೇ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಎದ್ದು ನಿಂತ. ಸಾಮ್ರಾಜ್ಯ ಗೆದ್ದ ತೋಳನ್ನು ಹಿಂದಕ್ಕೆಳೆದು ಬೀಸಿದ. ಕೈಯಿಂದ ಜಾರಿದ ರಿಮೋಟು ಮಣಿಕಟ್ಟಿಗೆ ಸಿಕ್ಕಿಸಿದ್ದ ದಾರದಲ್ಲೇ ಒಂದು ಸುತ್ತು ತಿರುಗಿ ಹಣೆಗೆ ಬಡಿಯಿತು. ಟಿವಿಯಲ್ಲಿ ಮೂರು ಬಾಟಲಿ ಬಿದ್ದವು. ಹಣೆಯಲ್ಲಿ ಒಂದು ಎದ್ದಿತು.

ಆರನೆಯ ಸರದಿಗೆ, ಓಡಿ ಬಂದು ಎಸೆಯುತ್ತೇನೆಂದ. ಟೀಪಾಯಿಗೆ ಮೊಣಕಾಲು ತಗುಲಿತು. ನೀರಿನ ಜಗ್ಗು ಉರುಳಿತು. ನೀರಿನ ಮೇಲೆ ಕಾಲಿಟ್ಟ, ಜಾರಿದ, ಆಸರೆಗೆ ಕಿಟಕಿಯ ಪರದೆ ಹಿಡಿದ. ಪರದೆ, ಅದರ ಸರಳು, ನಾನು ಇಸ್ತ್ರಿ ಮಾಡಿ ಪೇರಿಸಿಟ್ಟಿದ್ದ ಬಟ್ಟೆಯ ಗೋಪುರ, ಎಲ್ಲವೂ ದೊರೆಯ ಮೇಲೆ! ಬೀಳುವಾಗ ಗಾಳಿಯಲ್ಲಿ ಆಡಿದ ಕೈಗೆ ಹತ್ತಕ್ಕೆ ಹತ್ತೂ ಬಾಟಲಿ ನೆಲಕಚ್ಚಿದವು.

"ಪ್ರತಿ ಸಲ ಹಿಂಗೇ ಬೀಳಪ್ಪಾ, ಗೆಲ್ತೀಯ," ಎಂದೆ.

ಒಟ್ಟು ತೊಂಬತ್ತನಾಲ್ಕು. ಏದುಸಿರು ಬಿಡುತ್ತಾ ಸೋಫಾಕ್ಕೆ ಒರಗಿದ.

"ಇದು ಆಟ ಅಲ್ಲ ಅತ್ತಿಗೆ, ಮೂಟೆ ಹೊರೋ ಕೆಲಸ! ಅಣ್ಣಂಗೆ ಹೆಂಗ್ ಬಂತೋ ಇನ್ನೂರ ಹನ್ನೊಂದು."

ನನಗೆ ಅಷ್ಟು ಸಾಕಿತ್ತು. ಕೋಟೆ ಉಳಿದಿತ್ತು. ರಿಮೋಟು ಪಕ್ಕಕ್ಕಿಟ್ಟು ನೆಲ ಒರೆಸಲು ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಗರ್ವ ನೆತ್ತಿಗೇರಿತ್ತಲ್ಲ!

"ಸರಿ ಆ ಕಡೆ. ಆಡೋದು ಹೆಂಗೆ ಅಂತ ತೋರಿಸ್ತೀನಿ."

"ನೀವಾ? ಐವತ್ತು ದಾಟಿದ್ರೆ ಒಂದು ವಾರ ಪಾತ್ರೆ ನಾನೇ ತೊಳೀತೀನಿ."

"ಆ ಪರದೇನೂ ನೀನೇ ಹಾಕ್ಬೇಕು."

ನನ್ನ ಹೆಸರಿಗೂ ಒಂದು ಗೊಂಬೆ ಹುಟ್ಟಿಸಿ ಕೊಟ್ಟ.

ನಾನು ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುವವಳು. ಇಪ್ಪತ್ತೆರಡು ವರ್ಷ. ಮೊಣಕೈ ಮೈಗಂಟಿಸಿ, ಮಣಿಕಟ್ಟು ಅಲುಗದ ಹಾಗೆ, ಅಂಚಿನಿಂದ ಅಂಚಿಗೆ ಒಂದೇ ನೇರ ಗೆರೆ. ನನಗೆ ಬರುವುದು ಅದೊಂದೇ. ಹಾಗೇ ಬೀಸಿದೆ. ಹತ್ತು! ಇನ್ನೊಂದು ಚಾದರ ಎಂದುಕೊಂಡೆ. ಮತ್ತೆ ಹತ್ತು! ಅಂಕದ ಕಡೆ ನೋಡಲೇ ಇಲ್ಲ. ಎಷ್ಟನೆಯ ಚಾದರ ಎಂದು ನೋಡುತ್ತ ನಿಂತರೆ ಬಟ್ಟೆ ಸುಡುತ್ತದೆ. ಅದು ನಮ್ಮ ಕಸುಬಿನ ಪಾಠ.

"ಅತ್ತಿಗೇ! ಬಿಡಬೇಡಿ! ಹೊಡೀರಿ!" ದೊರೆ ಪಾತ್ರೆಯ ಭಯ ಮರೆತು ಸೋಫಾದ ಮೇಲೆ ನಿಂತು ಕೂಗುತ್ತಿದ್ದ. ಮೂರು ತಿಂಗಳಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಯಾರೋ ಜೋರಾಗಿ ನಕ್ಕರು. ನೋಡಿದರೆ ನಾನೇ.

ಕೊನೆಯ ಚಾದರವನ್ನೂ ಮುಗಿಸಿದೆ. ಇನ್ನೂರ ಹತ್ತೊಂಬತ್ತು!

ಟಿವಿಯಲ್ಲಿ ತುತ್ತೂರಿ ಮೊಳಗಿತು. ಪೊದೆಗೂದಲಿನ ಗೊಂಬೆಯ ತಲೆಯಿಂದ ಕಿರೀಟ ಎದ್ದು, ತೇಲಿ ಬಂದು, ನನ್ನ ಗೊಂಬೆಯ ತಲೆಯ ಮೇಲೆ ಕೂತಿತು. ಇನ್ನೂರ ಹನ್ನೊಂದು ಇಲ್ಲ. ಕೆಳಗೂ ಇಲ್ಲ, ಪಕ್ಕದಲ್ಲೂ ಇಲ್ಲ.

"ಅವರದು ಎಲ್ಲಿ ಹೋಯ್ತೋ?"

"ಹೋಯ್ತು ಅತ್ತಿಗೆ."

"ವಾಪಸ್ ತಾ."

"ಬರಲ್ಲ. ನಾನಂತೂ ಅಳಿಸ್ಲಿಲ್ಲ, ನೀವೇ..."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಯಾವ ಗಂಡುಮಗನೂ ಮುಟ್ಟಲಿಲ್ಲ, ಶಪಥವೇನೋ ಉಳಿಯಿತು!

ಒದ್ದೆ ಬಟ್ಟೆಯ ಗುಡ್ಡೆಯ ಮೇಲೆ ಕೂತೆ. ಅತ್ತೆನೋ ನಕ್ಕೆನೋ ನೆನಪಿಲ್ಲ. ಮೂಗು ಒರೆಸಿಕೊಂಡದ್ದು ದೊರೆಯ ಅಂಗಿಗೆ, ಅದು ನೆನಪಿದೆ. ಅವನೂ ಪಕ್ಕದಲ್ಲಿ ಕೂತ.

"ಅಣ್ಣನ ಗೊಂಬೆ ಇನ್ನೂ ಇದೆ ಅತ್ತಿಗೆ. ಅದನ್ನ ಆರಿಸ್ಕೊಂಡು ಆಡಿದ್ರೆ ಅಂಕ ಅಣ್ಣನ ಹೆಸರಿಗೇ ಬರುತ್ತೆ. ನಿಮ್ಮನ್ನ ದಾಟಿದ್ರೆ ಕಿರೀಟ ವಾಪಸ್. ಜಾಗಕ್ಕೆ ನನ್ನ ಹಳೇ ಯುದ್ಧ ಒಂದನ್ನ ಅಳಿಸ್ಕೋತೀನಿ."

"ಹಂಗಾದ್ರೆ ನೀನೇ ಆಡಿ ಕೊಡು."

"ತೊಂಬತ್ನಾಲ್ಕು ಹೊಡೆದು ಅಣ್ಣನ ಮರ್ಯಾದೆ ಯಾಕೆ ತೆಗೀಲಿ?"

ಅಂದಿನಿಂದ ದಿನಾ ಬೆಳಗ್ಗೆ ಕಸ ಗುಡಿಸಿದ ಮೇಲೆ, ಟೀಪಾಯಿ ಸರಿಸಿ, ಅವರ ಗೊಂಬೆಯನ್ನು ಆರಿಸಿ, ಹತ್ತು ಸರದಿ ಎಸೆದೇ ಕೆಲಸಕ್ಕೆ ಹೋಗುವುದು. ಎಂಟು ತಿಂಗಳಾಯಿತು. ಬಿಡುವವಳಲ್ಲ ನಾನು. ನಿನ್ನೆ ಇನ್ನೂರ ಹದಿನೇಳು. ಇನ್ನು ಎರಡು ಬಂದಿದ್ದರೆ ಸರಿಸಮ!

"ರೀ, ಮೊಣಕೈ ಒಳಗಿಡಿ ಅಂತ ಎಷ್ಟು ಸಲ ಹೇಳ್ಲಿ? ಕಟ್ಕೊಂಡ ಹೆಂಡತೀನ ಗೆಲ್ಲೋಕೆ ಇಷ್ಟು ಕಷ್ಟಾನಾ?" ಎಂದು ಗೊಂಬೆಗೆ ಬೈದೆ.

ಅದು ತಲೆ ತಗ್ಗಿಸಿ ನಿಂತಿತು. ರಿಮೋಟು ನನ್ನ ಕೈಯಲ್ಲೇ ಇತ್ತು.