ಸೋದರತ್ತೆಯ ಬಾಯಿ

ಎಲ್ಲಕ್ಕೂ ಕಾರಣ ಬೆಳಗ್ಗೆ ಬಂದ ಒಂದು ಫೋನು. ಮಾಡಿದವಳು ಶಾಮನೂರಿನ ಕಾಟಮ್ಮ, ಹುಡುಗಿಯ ಅಜ್ಜಿ.

"ಸಂಜೆ ನಿಶ್ಚಿತಾರ್ಥಕ್ಕೆ ಎಲ್ಲಾ ತಯಾರೈತೆ. ಹುಡುಗನ ಸೋದರತ್ತೆ ಬರ್ತಾರಲ್ಲ? ನಮ್ಮನೇಲಿ ಹುಡುಗಿಗೆ ಮೊದಲ ಉಡಿ ತುಂಬೋದು ಅವರೇ. ಅವರು ಬರ್ಲಿಲ್ಲ ಅಂದ್ರೆ ಶಾಸ್ತ್ರಾನೇ ಇಲ್ಲ ನೋಡ್ರಿ," ಎಂದವಳು ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು.

ದಿನೇಶನಿಗೆ ಮೂವತ್ತಾರು ದಾಟಿತ್ತು. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಚಕ್ಕುಲಿ, ಕೋಡುಬಳೆ, ಖಾರದ ಪುಟ್ಟ ಅಂಗಡಿ. ಹೆಣ್ಣಿನ ಕಡೆಯವರ ಮುಂದೆ ಅಪ್ಪ ಅದನ್ನು 'ಫುಡ್ ಇಂಡಸ್ಟ್ರಿ' ಎಂದಿದ್ದ. ಚಕ್ಕುಲಿ ಒತ್ತುವ ಬಿಲ್ಲೆಯ ಒಂದು ಹಲ್ಲು ಮುರಿದು, ಪ್ರತಿ ಚಕ್ಕುಲಿಯ ಒಂದು ಮಗ್ಗುಲು ಬೋಳಾಗಿ ಬರುತ್ತಿತ್ತು. "ಅದೇ ನಮ್ಮ ಮಾರ್ಕು," ಎಂದು ದಿನೇಶ ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದ. ಅವನು ನೋಡಿ ಬಂದ ಹುಡುಗಿಯರೆಲ್ಲ ಈಗ ಮಕ್ಕಳನ್ನು ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ಬಂದು ಅವನಲ್ಲೇ ಕೋಡುಬಳೆ ಕೊಳ್ಳುತ್ತಿದ್ದರು. ಅವನನ್ನು ನೋಡಿ ನಕ್ಕವಳೆಂದರೆ ಕಾಟಮ್ಮನ ಮೊಮ್ಮಗಳು ಸ್ವಾತಿಯೊಬ್ಬಳೇ. ಆ ನಗುವೂ ಕೈತಪ್ಪಿದರೆ ತನ್ನ ಬಾಳು ಬಾಣಲೆಯ ಮುಂದೆಯೇ ಮುಗಿಯುತ್ತದೆಂದು ಅವನಿಗೆ ಖಾತ್ರಿಯಾಗಿತ್ತು.

ಸೋದರತ್ತೆ ಇರಲಿಲ್ಲವೆಂದಲ್ಲ. ಅಪ್ಪನ ಒಡಹುಟ್ಟಿದ ಅಕ್ಕ ಓಬವ್ವ ಹರಿಹರದಲ್ಲಿ ಗಟ್ಟಿಮುಟ್ಟಾಗಿಯೇ ಇದ್ದಳು. ಆದರೆ ದಿನೇಶ ಅವಳ ಮುಖ ನೋಡಿದ್ದೇ ನೆನಪಿಲ್ಲ. ಮನೆಯಲ್ಲಿ ಅವಳ ಹೆಸರು ಬಂದರೆ ಮಾತು ಬದಲಾಗುತ್ತಿತ್ತು.

"ಆಕಿ ಸಹವಾಸ ಬ್ಯಾಡ," ಎಂದ ಅಪ್ಪ. "ಆಕಿ ಬಾಯಿ ಬಿಟ್ರೆ ಕಟ್ಟಿದ ಮನೆ ಬೀಳ್ತೈತೆ. ನಿಮ್ಮ ಚಿಕ್ಕಪ್ಪ ಇನ್ನೂ ಒಂಟಿ ಗೂಬೆ ಹಂಗೆ ಕುಂತಾನಲ್ಲ, ಯಾರಿಂದ?"

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ದಿಲ್ಷಾದ್ ಬೇಗಂ ತಲೆ ಎತ್ತಿದಳು. "ಬೇಟಾ, ಬೇಕಾದ್ರೆ ಶಾಸ್ತ್ರಾನೇ ಬಿಡು, ಹರಿಹರಕ್ಕೆ ಮಾತ್ರ ಹೋಗಬ್ಯಾಡ. ನನ್ನ ಮದುವೇಲಿ ಬಿರಿಯಾನಿಗೆ ಉಪ್ಪಿಲ್ಲ ಅಂತ ಪೂರಾ ಪಂಕ್ತಿಗೆ ಕೇಳೋ ಹಂಗೆ ಅಂದಿದ್ಲು ನಿಮ್ಮತ್ತೆ."

"ಉಪ್ಪಿತ್ತೇನು?"

"ಇರ್ಲಿಲ್ಲ. ಹಂಗಂತ ಹೇಳಿಬಿಡೋದಾ?"

ಅಪ್ಪ ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮೇಲೆ ಕೈಯಿಟ್ಟು ಕೂತ. ದಿನೇಶ ಹಠ ಬಿಡಲಿಲ್ಲ. ಅಂಗಡಿಯನ್ನು ಎದುರಿನ ಚಹಾದಂಗಡಿಯ ರೌಫನಿಗೆ ಒಪ್ಪಿಸಿ, ಬರಿಗೈಲಿ ಹೋಗಬಾರದೆಂದು ಒಂದು ಪೊಟ್ಟಣ ಚಕ್ಕುಲಿ ಕಟ್ಟಿಸಿಕೊಂಡು ಹರಿಹರದ ಬಸ್ಸು ಹತ್ತಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರದೋ ಕ್ಯಾನಿನ ಮಜ್ಜಿಗೆ ಅವನ ಹೊಸ ಪ್ಯಾಂಟಿಗೆ ಅಭಿಷೇಕವಾಯಿತು. 'ಶುಭಶಕುನ' ಎಂದುಕೊಂಡು ಹಲ್ಲು ಕಚ್ಚಿ ನಿಂತ.

ಹರಿಹರದಲ್ಲಿ ವಿಳಾಸ ಕೇಳಿದರೆ ಕಿರಾಣಿ ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಾಯಿ ಓಬವ್ವನ ಮನೆನಾ? ಆ ಹಸಿರು ಬಾಗಿಲು. ಅಂಗಿ ಗುಂಡಿ ಸರಿ ಹಾಕ್ಕಂಡು ಹೋಗ್ರಿ. ಇಲ್ಲಾಂದ್ರೆ ಮೊದ್ಲು ಅದನ್ನೇ ಹೇಳ್ತಾಳೆ."

ಗುಂಡಿ ಸರಿ ಮಾಡಿಕೊಂಡು ಬಾಗಿಲು ತಟ್ಟಿದ. ತೆರೆದವಳು ಕುಳ್ಳಗೆ, ಬೆಳ್ಳನೆ ತಲೆಯ, ಬೆಲ್ಲದಂಥ ಮುಖದ ಹೆಂಗಸು. "ಮೂಗು ನೋಡಿದ್ರೆ ನಮ್ಮ ತಮ್ಮನ ಮಗ. ವಾಸನೆ ನೋಡಿದ್ರೆ ಮಜ್ಜಿಗೆ," ಎಂದು ಒಳಗೆ ಕರೆದು, ಏನೂ ಕೇಳದೆ ಚಹಾ ತಂದಿಟ್ಟಳು. "ಹೆಂಗೈತೆ?"

ದಿನೇಶ ಒಂದು ಗುಟುಕು ನುಂಗಿದ. ಕಣ್ಣಲ್ಲಿ ನೀರು ಬಂತು. "ಬಾಳ ಚಲೋ ಐತೆ ಅತ್ತೆ."

"ಉಪ್ಪು ಹಾಕೀನಿ," ಎಂದಳು ಓಬವ್ವ. "ನಿಮ್ಮಪ್ಪನ ಮಗಾನೇ ಹೌದು, ಅನುಮಾನ ಇಲ್ಲ. ಈಗ ನಿಜ ಹೇಳು, ಯಾಕೆ ಬಂದೆ?"

ಉಪ್ಪಿನ ಚಹಾ ಒಳಗೆ ಹೋಗಿದ್ದಕ್ಕೋ ಏನೋ, ದಿನೇಶನ ಬಾಯಿಂದ ನಿಜವೆಲ್ಲ ಹೊರಬಂತು. ಉಡಿ ಶಾಸ್ತ್ರ, ತನ್ನ ವಯಸ್ಸು, ಸ್ವಾತಿಯ ನಗು, ಇಂಡಸ್ಟ್ರಿ ಎಂಬ ಸುಳ್ಳು, ಅಪ್ಪ ಅಡಗಿಸಿಟ್ಟ ಕೀಲಿ. ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು. ಇಷ್ಟು ಸುಖವಾದ ಕೆಲಸವನ್ನು ತಾನು ಇಷ್ಟು ದಿನ ಯಾಕೆ ಮಾಡಿರಲಿಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

ಓಬವ್ವ ಸಕ್ಕರೆ ಹಾಕಿದ ಚಹಾ ತಂದಳು. ಪೊಟ್ಟಣ ಬಿಚ್ಚಿ ಒಂದು ಚಕ್ಕುಲಿ ಮುರಿದು, ಬೋಳು ಮಗ್ಗುಲನ್ನು ತಿರುಗಿಸಿ ನೋಡಿ ತಿಂದಳು. "ನಿಮ್ಮ ಚಿಕ್ಕಪ್ಪಗೆ ಹುಡುಗಿ ನೋಡೋಕೆ ಹೋಗಿದ್ವಿ. ಹೋಳಿಗೆ ಹುಡುಗೀನೇ ಮಾಡಿದ್ದು ಅಂದ್ರು. ಇದು ಖಾನಾವಳಿ ಹೋಳಿಗೆ ಅಂದೆ. ನಾನು ಅಂದಿದ್ದು ಅಷ್ಟ. ಮೂವತ್ಮೂರು ವರ್ಷದಿಂದ ಹಬ್ಬದ ಹೋಳಿಗೆ ಒಬ್ಳೇ ತಿಂತಾ ಇದೀನಿ. ಒಬ್ರೇ ತಿಂದ್ರೆ ಹೋಳಿಗೆ ಗಂಟಲಾಗ ಇಳಿಯಲ್ಲ ಕಣಪ."

ಇಂಥವಳನ್ನು ದೂರವಿಟ್ಟ ತನ್ನ ಮನೆಯವರ ಮೇಲೆ ದಿನೇಶನಿಗೆ ಸಿಟ್ಟು ಬಂತು. ಅಷ್ಟರಲ್ಲಿ ರೌಫನ ಫೋನು. "ಅಣ್ಣಾ, ನಸೀಬು ಅಂದ್ರೆ ನಿಂದು! ಯಾರೋ ಒಬ್ರು ಬಂದು ಡಬ್ಬಿ ಚಕ್ಲಿ ಪೂರಾ ತಗಂಡು ಹೋದ್ರು!"

"ನೋಡ್ರಿ ಅತ್ತೆ, ನಿಮ್ಮ ಕಾಲ್ಗುಣ," ಎಂದ ದಿನೇಶ. "ಬರ್ತೀರಲ್ಲ? ಆದ್ರೆ ಅಲ್ಲಿ ಏನು ಕೊಟ್ರೂ ಚಲೋ ಐತೆ ಅನ್ಬೇಕು."

"ಅಂತೀನಿ. ನಿನ್ನ ಸಲುವಾಗಿ ಅಂತೀನಿ," ಎಂದು ಓಬವ್ವ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಳು.

ಶಾಮನೂರಿನಲ್ಲಿ ಅಕ್ಕನನ್ನು ಕಂಡ ಅಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. ಅವ್ವ ಮನದಲ್ಲೇ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತಳು. ಆದರೆ ಓಬವ್ವ ಸ್ವಾತಿಯ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ ಹಾಕಿ, "ನೂರ್ಕಾಲ ಬಾಳವ್ವ," ಎಂದು ಹರಸಿದ ಚಂದಕ್ಕೆ ಕಾಟಮ್ಮನೇ ಕಣ್ಣೊರೆಸಿಕೊಂಡಳು. ಸ್ವಾತಿ ದಿನೇಶನತ್ತ ನೋಡಿ ಮತ್ತೆ ನಕ್ಕಳು.

ಆಮೇಲೆ ತಟ್ಟೆ ಬಂತು. "ನಮ್ಮ ಸ್ವಾತಿ ಬೆಳಗ್ಗಿಂದ ಕುಂತು ಮಾಡಿದ ಚಕ್ಲಿ," ಎಂದಳು ಕಾಟಮ್ಮ. "ಹೆಂಗದಾವೆ ಹೇಳ್ರಿ ಓಬವ್ವಾರೆ."

ಅಪ್ಪ ಕಣ್ಣು ಮುಚ್ಚಿಕೊಂಡ. ಓಬವ್ವ ಚಕ್ಕುಲಿ ಎತ್ತಿಕೊಂಡಳು. ಒಂದು ಮಗ್ಗುಲು ಬೋಳು. ದಿನೇಶನನ್ನು ಒಮ್ಮೆ ನೋಡಿ, ಕಚ್ಚಿ, ನಿಧಾನಕ್ಕೆ ಅಗಿದಳು. "ಬಾಳ ಚಲೋ ಅದಾವೆ. ಹುಡುಗಿ ಕೈ ಹದ ಅಂದ್ರೆ ಹದ."

ಗಂಡಿನ ಕಡೆಯವರೆಲ್ಲ ಉಸಿರು ಬಿಟ್ಟರು. ದಿನೇಶನೂ ಬೋಳು ಮಗ್ಗುಲನ್ನು ಕಂಡಿದ್ದ. ಕಂಡೂ ಸುಮ್ಮನಿದ್ದ. ಆದರೆ ಹೊಗಳಿಕೆಯಿಂದ ಉಬ್ಬಿದ ಕಾಟಮ್ಮ ಸುಮ್ಮನಿರಬೇಕಲ್ಲ.

"ಅಂಗಡೀಲಿ ಇಂಥವು ಎಲ್ಲಿ ಸಿಗ್ತಾವ್ರಿ? ಅಂಗಡಿಯೋರು ಕರಿದ ಎಣ್ಣೇಲೇ ಮತ್ತೆ ಕರೀತಾರೆ. ಹಿಟ್ಟಿನ ತುಂಬ ಹುಳ. ನಾಯಿನೂ ಮೂಸಲ್ಲ."

ಓಬವ್ವ ದಿನೇಶನ ಕಾಲು ತುಳಿದಳು. ಅವನಿಗೆ ಅದು ತಿಳಿಯಲೇ ಇಲ್ಲ. ಬೆಳಗಿನ ಉಪ್ಪಿನ ಚಹಾ ಮತ್ತೊಮ್ಮೆ ಕೆಲಸ ಮಾಡಿತೋ ಏನೋ, ಎದ್ದು ನಿಂತ.

"ಅಜ್ಜೀ, ದಿನಾ ಹೊಸ ಎಣ್ಣೆ! ಹಿಟ್ಟು ನಮ್ಮವ್ವನೇ ಜರಡಿ ಹಿಡೀತಾಳೆ! ಇವು ನನ್ನ ಅಂಗಡಿ ಚಕ್ಲಿ. ನೋಡ್ರಿ, ಈ ಬೋಳು ಮಗ್ಗಲು ನೋಡ್ರಿ, ನಮ್ಮ ಮಾರ್ಕು!"

ಅವನ ಮನೆಯವರೆಲ್ಲ ಹಳೆಯ ಅಭ್ಯಾಸದಂತೆ ಒಟ್ಟಿಗೆ ತಿರುಗಿ ಓಬವ್ವನನ್ನು ದುರುಗುಟ್ಟಿ ನೋಡಿದರು. ಅವಳ ಬಾಯಿ ತುಂಬ ಚಕ್ಕುಲಿ ಇತ್ತು.

"ಅಂಗಡಿನಾ?" ಎಂದಳು ಕಾಟಮ್ಮ. "ಇಂಡಸ್ಟ್ರಿ ಅಂದಿದ್ರಿ?"

ಸ್ವಾತಿ ಈ ಸಲ ನಗಲಿಲ್ಲ. ಮಡಿಲಿನ ಅಕ್ಕಿ, ಕೊಬ್ಬರಿಗಳೆಲ್ಲ ಒಂದೊಂದಾಗಿ ತಟ್ಟೆಗೆ ವಾಪಸು ಬಂದವು.

ಹೊರಗೆ ಅಪ್ಪ ಅಕ್ಕನ ಕೈ ಹಿಡಿದುಕೊಂಡ. "ಅಕ್ಕಾ, ಇಷ್ಟು ವರ್ಷ ನಿನ್ನ ತಪ್ಪು ತಿಳ್ಕಂಡಿದ್ವಿ. ಇನ್ನು ನಮ್ಮನೇಲೇ ಇದ್ದುಬಿಡು." ಅವಳನ್ನು ಮರ್ಯಾದೆಯಿಂದ ಆಟೋದೊಳಗೆ ಕೂರಿಸಿದ. ದಿನೇಶನಿಗೆ ಜಾಗ ಸಿಕ್ಕಿದ್ದು ಡ್ರೈವರನ ಪಕ್ಕದಲ್ಲಿ, ಅರ್ಧ ಮೈ ಹೊರಗೆ. ಓಬವ್ವ ಹಿಂದಿನಿಂದ ಅವನ ಕೈಗೆ ಏನೋ ತುರುಕಿದಳು. ಹರಿಹರದ ಹಸಿರು ಬಾಗಿಲಿನ ಬೀಗದ ಕೈ.

"ಇಟ್ಕ, ಬೇಕಾಗ್ತೈತೆ," ಎಂದು ಪಿಸುಗುಟ್ಟಿದಳು.

ಮನೆ ಮುಟ್ಟುವಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ಆ ಕಡೆ ಅಪ್ಪನ ಚಿಕ್ಕಪ್ಪನ ಮಗ. "ಹೂಂ, ಅಕ್ಕನ್ನ ಕರ್ಕಂಡೇ ಬರ್ತೀನಿ… ಇಲ್ಲಪ್ಪಾ, ದಿನೇಶನ್ನ ಕರ್ಕಂಡು ಬರಲ್ಲ, ದೇವರಾಣೆ… ಹೇಳ್ತೀನಿ."

ಫೋನಿಟ್ಟು ಮಗನತ್ತ ತಿರುಗಿದ. "ಭಾನುವಾರ ಅವನ ಮಗಳನ್ನ ನೋಡೋಕೆ ಬರ್ತಾರಂತೆ. ಒಂದು ಡಬ್ಬಿ ಚಕ್ಲಿ ಕಳಿಸಬೇಕಂತೆ. ಹುಡುಗೀನೇ ಮಾಡಿದ್ದು ಅಂತ ಇಡ್ತಾರಂತೆ." ಒಂದು ಕ್ಷಣ ಯೋಚಿಸಿ ಸೇರಿಸಿದ: "ಮೊದ್ಲು ಆ ಬಿಲ್ಲೆ ಬದಲಿಸು."